ಎರಡು ನೂಲು ಆಳ

ಸತ್ತವರ ಬಗ್ಗೆ ಬರೆಯುವುದು ಸುಲಭ. ನಾಲ್ಕು ಒಳ್ಳೆಯ ಮಾತು ಹೇಳಿ, ನಡುವೆ ಒಂದು ತಮಾಷೆ ಸೇರಿಸಿ, ಕಣ್ಣೊರೆಸಿಕೊಂಡು ಮುಗಿಸಬಹುದು. ನಾನು ಬರೆಯಹೊರಟಿರುವವಳು ಸತ್ತಿಲ್ಲ. ಅವಳಿಗಿನ್ನೂ ಇಪ್ಪತ್ತೊಂಬತ್ತು. ಕೈತುಂಬ ಕೆಲಸವಿದೆ, ಆರೋಗ್ಯವಾಗಿದ್ದಾಳೆ, ಹೋದ ತಿಂಗಳು ಫೋನಿನಲ್ಲಿ ಮಾತಾಡಿದ್ದೇನೆ. ಆದರೂ ನನಗೆ ಗೊತ್ತಿದ್ದ ಆ ಹುಡುಗಿ ಈಗಿಲ್ಲ. ಅವಳನ್ನು ಇಲ್ಲವಾಗಿಸಿದವರಲ್ಲಿ ನಾನೂ ಒಬ್ಬ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆಯಲಾ ಎಂದು ಅವಳನ್ನು ಕೇಳುವ ಮುಖ ನನಗಿಲ್ಲ.

ನಾನು ಸುಂಕದಕಟ್ಟೆಯವನು. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟ ಮೇಲೆ ಚಿಕ್ಕಪ್ಪನ ಹಿಂದೆ ಗಾರೆ ಕೆಲಸಕ್ಕೆ ಬಿದ್ದೆ. ಕರಣೆ ಹಿಡಿದು ನಲವತ್ತು ವರ್ಷವಾಯಿತು. ಈಗ ನಾಲ್ಕು ಜನ ಆಳು ಇಟ್ಟುಕೊಂಡು ಸಣ್ಣಪುಟ್ಟ ಕಂಟ್ರಾಕ್ಟು ಮಾಡುತ್ತೇನೆ. ಸಂಪು, ಕಾಂಪೌಂಡು, ಮನೆ ಮುಂದೆ ಗಾಡಿ ಹತ್ತಿಸುವ ರ‍್ಯಾಂಪು, ಇಂಥವೇ. ಕೆಂಪು ನೆಲ ಹಾಕುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಈ ಕಡೆ ಕಡಿಮೆ. ಜಂಬ ಅನ್ನಿಸಿದರೆ ಅನ್ನಿಸಲಿ, ನಿಜ ಹೇಳುವುದಕ್ಕೆ ನಾಚಿಕೆ ಏಕೆ?

ಅವಳು ಸಿಕ್ಕಿದ್ದೂ ಒಂದು ಕೆಂಪು ನೆಲದ ಮೇಲೇ. ಚಂದ್ರಾ ಲೇಔಟಿನ ಒಂದು ಮನೆಯ ಜಗಲಿಗೆ ಆಗಷ್ಟೇ ಪಾಲಿಶ್ ಮುಗಿಸಿ ಕೈ ತೊಳೆಯುತ್ತಿದ್ದೆ. ಕಂಕುಳಲ್ಲಿ ನಾಲ್ಕು ಗಾಲಿಯ ಹಲಗೆಯೊಂದನ್ನು ಅವುಚಿಕೊಂಡ ಹುಡುಗಿಯೊಬ್ಬಳು ಗೇಟು ತೆಗೆದು ಒಳಗೇ ಬಂದುಬಿಟ್ಟಳು. ಬಂದವಳೇ ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಅಂಗೈ ಆಡಿಸಿದಳು. ಆಮೇಲೆ ಜೇಬಿನಿಂದ ಒಂದು ಗೋಲಿ ತೆಗೆದು ಉರುಳಿಬಿಟ್ಟಳು.

"ಏಯ್, ಯಾರಮ್ಮ ನೀನು? ಪಾಲಿಶ್ ಆರಿಲ್ಲ, ಎದ್ದೇಳು ಮೊದ್ಲು!" ಅಂದೆ.

ಅವಳು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ಸುಮ್ಮನಿರಿಸಿದಳು. ಗೋಲಿ ಸದ್ದಿಲ್ಲದೆ ಆ ಮೂಲೆಯವರೆಗೂ ಹೋಗಿ ಗೋಡೆಗೆ ತಾಗಿ ನಿಂತಿತು.

"ಇದು ಆಗುತ್ತೆ. ಯಾರು ಮಾಡಿದ್ದು ಅಂಕಲ್ ಇದನ್ನ?"

"ನಾನೇ. ಏನೀಗ?"

"ನಿಮ್ಮನ್ನೇ ಹುಡುಕ್ತಿದ್ದೆ," ಅಂದಳು. ನಲವತ್ತು ವರ್ಷದಲ್ಲಿ ನನ್ನ ನೆಲವನ್ನು ಕಿವಿಯಿಂದ ಪರೀಕ್ಷೆ ಮಾಡಿದವಳು ಅವಳೊಬ್ಬಳೇ.

"ಇದು ಆಗುತ್ತೆ", "ಇದು ಆಗಲ್ಲ". ಇವೆರಡೇ ಅವಳ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ದರ್ಶಿನಿಯ ಮೆಟ್ಟಿಲು ಕಂಡರೆ, ಮೆಟ್ರೋ ಕಂಬದ ಬುಡದ ಕಟ್ಟೆ ಕಂಡರೆ, ಬ್ಯಾಂಕಿನ ಮುಂದಿನ ಗ್ರಾನೈಟು ಕಂಡರೆ, ಅಂಗೈ ಇಟ್ಟು ನೋಡಿ, ಆ ಹಲಗೆ ಓಡಿಸುವುದಕ್ಕೆ ಆಗುತ್ತದೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದಳು. ಒಮ್ಮೆ ನನ್ನ ಬೋಳುತಲೆಯನ್ನು ನೋಡಿ, "ಅಂಕಲ್, ಇದೂ ಆಗುತ್ತೆ," ಅಂದಳು. ನನ್ನ ಆಳುಗಳು ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು.

ಅವಳ ಅಪ್ಪ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದವರು. ಕಬ್ಬಿಣ ಹೇಗೆ ದುಂಡಗಾಗುತ್ತದೆ ಎಂದು ನೋಡುತ್ತ ಬೆಳೆದ ಹುಡುಗಿ, ಹೊರರಾಜ್ಯಕ್ಕೆ ಹೋಗಿ ಡಿಸೈನ್ ಓದಿ ಬಂದಿದ್ದಳು. ಕುರ್ಚಿ, ಮಿಕ್ಸಿ, ಬಸ್ಸಿನ ಹಿಡಿಕೆ ಇಂಥವನ್ನೆಲ್ಲ ಹೇಗಿರಬೇಕೆಂದು ಗೀಚುವ ಓದಂತೆ ಅದು. ಅವಳಿಗೆ ಅವು ಯಾವುವೂ ಬೇಡ. ಸ್ಕೇಟ್‌ಬೋರ್ಡ್ ಆಡುವ ಮಕ್ಕಳಿಗೆ ಊರಿನಲ್ಲಿ ಒಂದು ಜಾಗ ಮಾಡಬೇಕು, ಅಷ್ಟೇ. ವಿಜಯನಗರ, ಬಸವೇಶ್ವರನಗರದ ಕಡೆ ಅಂಥ ಮಕ್ಕಳು ಒಂದಿಪ್ಪತ್ತು ಮೂವತ್ತು ಜನ ಇದ್ದರು. ಅಂಗಡಿ ಸಾಲಿನ ಮುಂದೆ ಆಡಿದರೆ ವಾಚ್‌ಮನ್ ಸೀಟಿ ಊದುತ್ತಿದ್ದ, ಪಾರ್ಕಿಗೆ ಹೋದರೆ ವಾಕಿಂಗಿನವರು ಬೈಯುತ್ತಿದ್ದರು, ರಸ್ತೆಗಿಳಿದರೆ ಬಿಎಂಟಿಸಿ ಬಸ್ಸು. ಅವಳೂ ಹದಿನೆಂಟರಲ್ಲಿ ಹೀಗೇ ಓಡಿಸಿಕೊಂಡವಳು.

"ಯಾರೂ ಓಡಿಸ್ದೇ ಇರೋ ಒಂದು ಜಾಗ ಬೇಕು ಅಂಕಲ್. ಒಂದೇ ಒಂದು. ಅದು ನಿಂತ್ರೆ ಪಕ್ಕದ ವಾರ್ಡಿಗೆ ಹೋಗಿ ನೋಡಿ ಅಂತ ತೋರಿಸ್ತೀನಿ. ಇದು ಬಿದ್ದೋದ್ರೆ ಇನ್ಯಾರೂ ನನ್ನ ಮಾತು ಕೇಳಲ್ಲ."

ಮೂರು ವರ್ಷ ಅವಳು ವಾರ್ಡ್ ಆಫೀಸಿನ ಬೆಂಚು ಕಾದಿದ್ದಳು. ಮೂವರು ಇಂಜಿನಿಯರು ಬದಲಾದರು. ಮೂರನೆಯವರು, ಕಾಟ ತಡೆಯಲಾರದೆಯೋ ಕನಿಕರಕ್ಕೋ, ಒಂದು ಕಾಗದ ಕೊಟ್ಟರು. ಪಾರ್ಕಿನ ಹಿಂದೆ, ಮುಚ್ಚಿದ ಮೋರಿಯ ಪಕ್ಕ ಒಂದು ತುಂಡು ಜಾಗ. ಜನ ಕಟ್ಟಡದ ಕಸ, ಎಳನೀರಿನ ಬುರುಡೆ ತಂದು ಸುರಿಯುತ್ತಿದ್ದ ಜಾಗ ಅದು. ಇಂಥ ತಾರೀಖಿನೊಳಗೆ ಕೆಲಸ ಮುಗಿಸಬೇಕು, ಮೂರು ತಿಂಗಳು ಪ್ರಯೋಗ, ಒಂದು ದೂರು ಬಂದರೂ ತೆರವು. ಕಾಗದದಲ್ಲಿ ಹೀಗೆ ಬರೆದಿತ್ತು. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಬ್ಯಾಗಿನಲ್ಲೇ ಇಟ್ಟುಕೊಂಡಿರುತ್ತಿದ್ದಳು.

ನಾನು ಒಪ್ಪಿಕೊಂಡಾಗ ನನ್ನ ಹೆಂಡತಿ, "ಮಕ್ಳಾಟಕ್ಕೆ ನಿಮಗ್ಯಾಕ್ರೀ ಈ ವಯಸ್ಸಲ್ಲಿ?" ಅಂದಳು. ನಿಜ ಹೇಳಬೇಕೆಂದರೆ ನನಗೂ ತಲೆಬುಡ ಗೊತ್ತಾಗಿರಲಿಲ್ಲ. ಅವಳು ಕೊಟ್ಟ ಡ್ರಾಯಿಂಗು ಪೂರ್ತಿ ಇಂಗ್ಲಿಷು, ಮಿಲಿಮೀಟರು. ನಾನು ಇಂಚು, ನೂಲು ಲೆಕ್ಕದವನು. ಇಂಚಿಗೆ ಎಂಟು ನೂಲು, ಎರಡು ನೂಲು ಅಂದರೆ ಕಾಲು ಇಂಚು; ಗಾರೆಯವರ ಬಾಯಲ್ಲಿ ಮಾತ್ರ ಉಳಿದಿರುವ ಅಳತೆ. ಅವಳಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ಮಾರನೆಯ ದಿನದಿಂದಲೇ, "ಇಲ್ಲಿ ಒಂದು ನೂಲು ಏರಿದೆ ಅಂಕಲ್," ಎಂದು ನನಗೇ ಹೇಳತೊಡಗಿದಳು. ಗೋಲಿ ಉರುಳಿಸಿ ನೋಡಿದರೆ ಏರಿಯೇ ಇರುತ್ತಿತ್ತು.

ಇಳಿಜಾರಿನ ಬಾಗು ಹೇಗಿರಬೇಕು ಎಂದು ಅವಳು ನನಗೆ ಅರ್ಥಮಾಡಿಸಿದ್ದು ಮುದ್ದೆಯಲ್ಲಿ. ಸುಂಕದಕಟ್ಟೆಯ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆವು. ಅವರೆಕಾಳಿನ ಕಾಲ. ಅವಳು ಮುದ್ದೆಯ ಒಂದು ಬದಿಯನ್ನು ಹೆಬ್ಬೆರಳಿನಲ್ಲಿ ತೀಡಿ ತೀಡಿ ಬಾಗಿಸಿ, ಸಾರಿನಿಂದ ಒಂದು ಕಾಳು ತೆಗೆದು ಮೇಲಿನಿಂದ ಬಿಟ್ಟಳು. ಅದು ಜಾರಿ ತಟ್ಟೆಯಾಚೆ ಹೋಯಿತು. "ಮೂಲೆ ಬರ್ಬಾರ್ದು. ಎಲ್ಲಿ ಇಳಿಜಾರು ಮುಗೀತು, ಎಲ್ಲಿ ನೆಲ ಶುರುವಾಯ್ತು ಅಂತ ಕಾಳಿಗೆ ಗೊತ್ತೇ ಆಗ್ಬಾರ್ದು." ಬಡಿಸುವವನು ನಿಂತು ನೋಡುತ್ತಿದ್ದ. "ಮೇಡಂ, ಮುದ್ದೆ ಚೆನ್ನಾಗಿಲ್ವಾ?" ಎಂದು ಕೇಳಿದ. ಅವಳು ಆ ರ‍್ಯಾಂಪನ್ನು ಒಂದೇ ತುತ್ತಿಗೆ ನುಂಗಿ, ಇನ್ನೊಂದು ಮುದ್ದೆ ಹಾಕಿಸಿಕೊಂಡಳು.

ಆ ಜಾಗದಲ್ಲಿ ಒಂದು ಅರಳಿ ಮರ. ಅದರ ಬುಡದಲ್ಲಿ ಜನ ಮನೆಯಲ್ಲಿ ಬೇಡವಾದ ದೇವರ ಪಟಗಳನ್ನು ತಂದಿಟ್ಟಿದ್ದರು. ಗಾಜೊಡೆದ ಲಕ್ಷ್ಮಿ, ಕಟ್ಟು ಕಳಚಿದ ವೆಂಕಟರಮಣ. ನನ್ನ ಆಳುಗಳು ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಅವಳು ಒಂದು ಬೆಳಗ್ಗೆ ಪೂರ್ತಿ ಕೂತು ಒಂದೊಂದನ್ನೂ ಒರೆಸಿದಳು. ಡ್ರಾಯಿಂಗು ತಿದ್ದಿ ಮರದ ಸುತ್ತ ಒಂದು ಗೂಡು ಸೇರಿಸಿದಳು. ಮಕ್ಕಳು ಹಾರುವ ಕಟ್ಟೆಯನ್ನು ಹದಿನಾರು ಇಂಚು ಎತ್ತರಕ್ಕಿಟ್ಟಳು, ವಾಕಿಂಗ್ ಮುಗಿಸಿದ ಅಜ್ಜಿಯರು ಅದರ ಮೇಲೇ ಕೂರಬಹುದು ಎಂದು. ಯಾರನ್ನೂ ಎಬ್ಬಿಸದೆ ಎಲ್ಲರನ್ನೂ ಒಂದು ಜಾಗದಲ್ಲಿ ಹಿಡಿಸುವುದು ಅವಳ ಹುಚ್ಚು. ನನಗೆ ಅವಳ ಮೇಲೆ ಮಗಳ ಮೇಲಿನಷ್ಟೇ ಅಕ್ಕರೆ ಬಂದದ್ದು ಆಗ.

ಇನ್ನು ನನ್ನ ಕೈ ಮಾಡಿದ್ದನ್ನು ಬರೆಯಬೇಕು.

ನೆಲ ಮುಗಿದಿತ್ತು, ಕಟ್ಟೆ ಮುಗಿದಿತ್ತು. ಕೊನೆಯದು ಆ ದೊಡ್ಡ ಇಳಿಜಾರು. ಬೆಳಗ್ಗೆ ಕಾಂಕ್ರೀಟು ಸುರಿದೆವು. ಕೊನೆಯ ಕೈ ಆಡಿಸುವಾಗ ತಾನು ಅಲ್ಲಿರಲೇಬೇಕು ಎಂದಿದ್ದಳು. ಅಷ್ಟರಲ್ಲಿ ವಾರ್ಡ್ ಆಫೀಸಿನಿಂದ ಫೋನು, ಮುಚ್ಚಳಿಕೆಗೆ ಈಗಲೇ ಬಂದು ಸಹಿ ಹಾಕಬೇಕು ಎಂದು. "ಮೂರು ಗಂಟೆಗೆ ಬಂದ್ಬಿಡ್ತೀನಿ ಅಂಕಲ್. ನುಣ್ಣಗೆ ಬರ್ಲಿ," ಎಂದು ಆಟೋ ಹತ್ತಿದಳು. ಮೂರಾಯಿತು, ನಾಲ್ಕಾಯಿತು. ಕಾಂಕ್ರೀಟು ಯಾರಿಗೂ ಕಾಯುವುದಿಲ್ಲ. ನಾನೇ ಕರಣೆ ಹಿಡಿದು ಕೂತೆ. ಮುಖ ನೋಡಿಕೊಳ್ಳುವ ಹಾಗೆ ನುಣ್ಣಗಾಯಿತು.

ನುಣ್ಣಗಾದ ಮೇಲೆ ನನಗೆ ಭಯವಾಯಿತು. ಇಷ್ಟು ನುಣುಪು ಇಳಿಜಾರು, ಮೇಲೆ ಆಡುವವರು ಯಾರದೋ ಮನೆ ಮಕ್ಕಳು. ಬೆಂಗಳೂರಿನಲ್ಲಿ ನಾನು ಹಾಕಿದ ಸಾವಿರ ರ‍್ಯಾಂಪಿನಲ್ಲಿ ಗೆರೆ ಇಲ್ಲದ್ದು ಒಂದೂ ಇಲ್ಲ. ಸ್ಕೂಟರು ಜಾರಬಾರದು, ಮುದುಕರು ಜಾರಬಾರದು ಎಂದು ಹಸಿ ಸಿಮೆಂಟಿನಲ್ಲಿ ಅಡ್ಡಗೆರೆ ಹೊಡೆಯದೆ ಯಾವ ಗಾರೆಯವನೂ ಮೇಲೇಳುವುದಿಲ್ಲ. ಹುಡುಗಿ ಓದಿದವಳು, ಈ ಸಣ್ಣ ವಿಷಯ ಹೇಳುವುದಕ್ಕೆ ಮರೆತಿದ್ದಾಳೆ ಅಂದುಕೊಂಡೆ. ನುಣ್ಣಗೆ ಅಂದಳು, ಗೆರೆ ಬೇಡ ಅನ್ನಲಿಲ್ಲವಲ್ಲ! ದಾರ ಕಟ್ಟಿ, ಕಂಬಿ ಒತ್ತಿ, ಮೇಲಿನಿಂದ ಕೆಳಗಿನವರೆಗೂ ಅಡ್ಡಗೆರೆ ಎಳೆದೆ. ಎರಡು ಇಂಚಿಗೊಂದು. ಒಂದೂ ಸೊಟ್ಟ ಬರಲಿಲ್ಲ. ಅವಳು ಬಂದು ಹೊಗಳುತ್ತಾಳೆ ಎಂದು ಬೀಡಿ ಹಚ್ಚಿಕೊಂಡು ಕಾದೆ.

ಐದೂವರೆಗೆ ಆಟೋ ಬಂತು. ಇಳಿದವಳು ಅಲ್ಲೇ ನಿಂತಳು. ಆಟೋದವನು ಚಿಲ್ಲರೆ ಹಿಡಿದುಕೊಂಡು ಎರಡು ಸಲ ಕರೆದರೂ ಕೈ ಚಾಚಲಿಲ್ಲ. ಆಮೇಲೆ ಬಂದು ಇಳಿಜಾರಿನ ಅಂಚಿನಲ್ಲಿ ಕೂತಳು. ಬ್ಯಾಗಿನಿಂದ ಸ್ಕೇಲು ತೆಗೆದು ಒಂದು ಗೆರೆಯೊಳಗೆ ಇಳಿಸಿ ನೋಡಿದಳು. ಎರಡು ನೂಲು ಆಳ. ಸಿಮೆಂಟಾಗಲೇ ಗಟ್ಟಿಯಾಗಿತ್ತು.

"ತುಂಬಾ ನೇರವಾಗಿ ಬಂದಿದೆ ಅಂಕಲ್," ಅಂದಳು.

ಅವಳ ಧ್ವನಿ ಕೇಳಿ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. "ಯಾಕಮ್ಮಾ? ಜಾರ್ಬಾರ್ದು ಅಂತ ಹಾಕಿದೆ."

"ಜಾರ್ಲಿ ಅಂತಾನೇ ಅಂಕಲ್ ಇದು." ತನ್ನ ಹಲಗೆಯನ್ನು ಮಗುಚಿ ಗಾಲಿ ತೋರಿಸಿದಳು. ಸಣ್ಣ, ಗಟ್ಟಿ ಗಾಲಿ, ಎರಡು ಇಂಚೂ ಇಲ್ಲ. ಅದು ಇಂಥ ಗೆರೆಗೆ ಬಡಿದರೆ ಹಲಗೆ ಅಲ್ಲೇ ನಿಲ್ಲುತ್ತದೆ, ಮೇಲಿದ್ದವರು ಮುಂದಕ್ಕೆ ಹೋಗಿ ಬೀಳುತ್ತಾರೆ. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಒಡೆದು ಮತ್ತೆ ಹಾಕೋಣ ಅಂದೆ. ಕಾಗದದ ಗಡುವು ಮುಗಿಯುವುದಕ್ಕೆ ನಾಲ್ಕೇ ದಿನವಿತ್ತು. ಒಡೆದು ಸುರಿದು ಆರುವುದಕ್ಕೆ ಸಾಲದು. ಗಡುವು ಮುಂದಕ್ಕೆ ಹಾಕಿ ಎಂದು ಕೇಳಲು ಹೋದರೆ ಪ್ರಯೋಗವೇ ರದ್ದಾಗುತ್ತದೆ ಎಂದು ಅವಳಿಗೆ ಹೆದರಿಕೆ. ಕೊನೆಗೆ ಗೆರೆಗಳನ್ನು ಸಿಮೆಂಟಿನಿಂದ ಮೆತ್ತಿ ಮುಚ್ಚಿದೆವು. ಗಟ್ಟಿಯಾದ ಕಾಂಕ್ರೀಟಿನ ಮೇಲೆ ಮೆತ್ತಿದ ಸಿಮೆಂಟು ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಹೇಳಿದೆ ಕೂಡ. "ಮೂರು ತಿಂಗಳು ನಿಂತ್ರೆ ಸಾಕು ಅಂಕಲ್," ಅಂದಳು.

ಶುರುವಿನ ಎರಡು ತಿಂಗಳು ಆ ಜಾಗ ಹೇಗಿತ್ತು ಎಂದು ನೀವು ನೋಡಬೇಕಿತ್ತು. ಮರದಡಿ ದೇವರು, ಕಟ್ಟೆಯ ಮೇಲೆ ಅಜ್ಜಿಯರು, ನಡುವೆ ಗಾಲಿಗಳ ಗರಗರ. ಒಬ್ಬ ಅಜ್ಜಿ ಹೂ ಕಟ್ಟುತ್ತ, "ಏಯ್ ಕೆಂಪಂಗಿ, ಈ ಸಲ ಸರ್ಯಾಗಿ ಹಾರೋ!" ಎಂದು ಕೂಗುತ್ತಿದ್ದರು. ಅವಳು ಮಾತ್ರ ದಿನಾ ಬೆಳಗ್ಗೆ, ಜೀವನಕ್ಕೆಂದು ಹಿಡಿದಿದ್ದ ಆಫೀಸು ಕೆಲಸಕ್ಕೆ ಹೋಗುವ ಮುಂಚೆ ಬಂದು, ಮಂಡಿಯೂರಿ, ಅಂಗೈಯಲ್ಲಿ ಇಳಿಜಾರು ಪೂರ್ತಿ ಸವರಿ, ಎದ್ದುಬಂದ ಕಡೆ ಮತ್ತೆ ಮೆತ್ತುತ್ತಿದ್ದಳು. ನಾನೂ ಹೋಗುತ್ತಿದ್ದೆ. ಆಮೇಲೆ ನನಗೆ ಬೇರೆ ಕೆಲಸ ಬಂತು, ದಿನಾ ಹೋಗಲಾಗಲಿಲ್ಲ. ಲಗ್ಗೆರೆಯ ಕಡೆ ಒಂದು ಸಂಪು. ಅದನ್ನು ನಾಲ್ಕು ದಿನ ಮುಂದೆ ಹಾಕಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಮೊದಲ ಬೇಸಗೆ ಮಳೆ ಬಿದ್ದ ಮಾರನೆಯ ದಿನ ಮೆತ್ತಿದ್ದು ಹಪ್ಪಳದ ಹಾಗೆ ಎದ್ದಿತು. ಅವಳಿಗೆ ಅವತ್ತು ಜ್ವರ. ಬೆಳಗ್ಗೆ ಬರಲಾಗಿರಲಿಲ್ಲ. ಸಂಜೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗೆರೆಗೆ ಸಿಕ್ಕಿ ಬಿದ್ದಳು. ಮುಂದಿನ ಎರಡು ಹಲ್ಲು ಹೋಯಿತು, ಮಣಿಕಟ್ಟು ಮುರಿಯಿತು.

ಭಾನುವಾರ ಪಾರ್ಕಿನ ಮಂಟಪದಲ್ಲಿ ಬಡಾವಣೆ ಸಂಘದ ಸಭೆ. ಇಂಜಿನಿಯರು ಬಂದಿದ್ದರು. ಆ ಮಗುವಿನ ತಂದೆ ಅಳುತ್ತಲೇ ಕೂಗಾಡಿದರು, ಅವರನ್ನು ತಪ್ಪು ಅನ್ನಲಾರೆ. ಸಂಘದ ಅಧ್ಯಕ್ಷರು ಎದ್ದು, "ನಾವು ಮೊದ್ಲೇ ಹೇಳಿದ್ವಿ. ಈ ಹುಡುಗಾಟ ನಮ್ಮ ಏರಿಯಾಗೆ ಸರಿ ಬರಲ್ಲ ಅಂತ," ಅಂದರು. ಇಂಜಿನಿಯರು ಅವಳನ್ನು ಕೇಳಿದರು, "ಆ ಗೆರೆ ಯಾಕಮ್ಮಾ ಹಾಕ್ಸಿದ್ದು? ಡ್ರಾಯಿಂಗಲ್ಲಿ ಇಲ್ವಲ್ಲ?"

ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಅಧ್ಯಕ್ಷರ ಮನೆಯ ಮೇಲಂತಸ್ತಿನ ಕೆಲಸ ನನಗೆ ಸಿಗುವುದರಲ್ಲಿತ್ತು. ಅವಳು ಒಂದು ಸಲ ನನ್ನ ಕಡೆ ನೋಡಿದಳು. ಏಳಬೇಕು, ಗೆರೆ ಹಾಕಿದವನು ನಾನು ಅನ್ನಬೇಕು. ಎರಡು ಮಾತು, ಅಷ್ಟೇ. ನಾಲಿಗೆ ಏಳಲಿಲ್ಲ.

"ಡಿಸೈನ್ ನಂದು ಸಾರ್. ಜವಾಬ್ದಾರಿ ನಂದೇ," ಅಂದಳು.

ಅಲ್ಲಿಗೆ ಮುಗಿಯಿತು. ಅಧ್ಯಕ್ಷರ ಮನೆ ಕೆಲಸ ನನಗೆ ಸಿಕ್ಕಿತು, ಮಾಡಿದೆ. ತೆರವಿನ ದಿನ ಅವಳು ಬಂದು ಗೂಡಿನಿಂದ ಪಟಗಳನ್ನು ತೆಗೆದು ಮರದ ಬುಡಕ್ಕಿಟ್ಟು ಹೋದಳಂತೆ. ಒಡೆಯುವುದು ದಂಡ ಎಂದು ಇಳಿಜಾರನ್ನು ಹಾಗೇ ಬಿಟ್ಟರು. ಈಗ ಅದನ್ನು ಹತ್ತಿಸಿ ಮೇಲೆ ಸ್ಕೂಟರು, ಕಾರು ನಿಲ್ಲಿಸುತ್ತಾರೆ. ಮಳೆಗಾಲದಲ್ಲೂ ಒಂದೂ ಜಾರಿಲ್ಲ. "ಒಳ್ಳೆ ಕೆಲಸ ಮಾಡಿದೀಯಪ್ಪ," ಎಂದು ಅಧ್ಯಕ್ಷರು ಒಮ್ಮೆ ನನ್ನ ಬೆನ್ನು ತಟ್ಟಿದರು. ಅವಳ ಗೋಲಿ ನನ್ನ ಸಾಮಾನಿನ ಚೀಲದಲ್ಲೇ ಉಳಿದುಹೋಗಿತ್ತು. ಕೊಡುವ ನೆಪದಲ್ಲಾದರೂ ಹೋಗಿ ಮಾತಾಡಿಸಬಹುದಿತ್ತು. ಮೂರು ವರ್ಷ ಹೋಗಲಿಲ್ಲ.

ಹೋದ ತಿಂಗಳು ರಾಜರಾಜೇಶ್ವರಿನಗರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಿಂದ ಕರೆ ಬಂತು. ಮುಂಭಾಗದಲ್ಲಿ ಅಗಲವಾದ ಅಂಗಳ, ಮೆಟ್ಟಿಲು, ಒಂದು ಇಳಿಜಾರು. ಎಲ್ಲ ನುಣ್ಣಗಿದೆ. ಸೂಪರ್‌ವೈಸರ್ ಹುಡುಗ ಡ್ರಾಯಿಂಗು ಬಿಚ್ಚಿದ. "ಸಂಜೆ ಆದ್ರೆ ಹುಡುಗ್ರು ಸ್ಕೇಟ್‌ಬೋರ್ಡ್ ತಗೊಂಡು ಬರ್ತಾರೆ ಸಾರ್, ತಲೆನೋವು. ಅದಕ್ಕೇ ಡಿಸೈನ್ ಕಂಪ್ನಿಗೆ ಕೊಟ್ಟು ಹೊಸ್ದಾಗಿ ಮಾಡಿಸ್ತಿದೀವಿ. ಕಟ್ಟೆ ಅಂಚಿಗೆ ಸ್ಟೀಲ್ ಗುಬುಟು, ಇಳಿಜಾರಿಗೆ ಹೊಸ ಕಾಂಕ್ರೀಟು."

ಡ್ರಾಯಿಂಗು ಎಲ್ಲ ಇಂಗ್ಲಿಷು, ಮಿಲಿಮೀಟರು. ಇಳಿಜಾರಿನ ಪಕ್ಕದಲ್ಲಿ ಮಾತ್ರ ಕನ್ನಡದಲ್ಲಿ, ಕೈಬರಹದಲ್ಲಿ ಒಂದು ಸಾಲು: "ಅಡ್ಡಗೆರೆ ಹಾಕಿ. ಎರಡು ಇಂಚಿಗೊಂದು, ಎರಡು ನೂಲು ಆಳ."

ಈ ಊರಿನಲ್ಲಿ ಡ್ರಾಯಿಂಗಿನ ಮೇಲೆ ನೂಲು ಎಂದು ಬರೆಯುವವರು ಇನ್ನೊಬ್ಬರಿಲ್ಲ. ಅಲ್ಲೇ ಸಿಮೆಂಟು ಮೂಟೆಯ ಮೇಲೆ ಕೂತೆ. ಹಳೆಯ ನಂಬರಿಗೆ ಫೋನು ಮಾಡಿದೆ. ಎತ್ತಿದಳು.

"ಡ್ರಾಯಿಂಗು ನಿಂದೇನಮ್ಮಾ?"

"ಅಂಕಲ್! ಆ ಕೆಲಸ ನಿಮಗೇ ಬಂತಾ? ಚೆನ್ನಾಗಿದೀರಾ?"

"ಈ ಗೆರೆ..."

"ನೀವು ಹಾಕಿದ್ದೇ ಅಳತೆ. ಆಫೀಸಲ್ಲಿ ಏನೇನೋ ಟ್ರೈ ಮಾಡಿದ್ರು. ಬೋರ್ಡನ್ನ ಅದಕ್ಕಿಂತ ಚೆನ್ನಾಗಿ ನಿಲ್ಲಿಸೋದು ಯಾವ್ದೂ ಇಲ್ಲ. ನಾನು ನೋಡಿದೀನಲ್ಲ." ಚುಚ್ಚುವುದಕ್ಕೆ ಹೇಳಿದ್ದಲ್ಲ. ಅಳತೆ ಹೇಳಿದಳು, ಅಷ್ಟೇ.

"ಅವತ್ತು ಮೀಟಿಂಗಲ್ಲಿ ನಾನು ಬಾಯಿ ಬಿಡ್ಬೇಕಿತ್ತು ಕಣಮ್ಮಾ," ಅಂದೆ.

"ಬಿಟ್ಟಿದ್ರೂ ಏನೂ ಆಗ್ತಿರ್ಲಿಲ್ಲ ಅಂಕಲ್. ಅವರಿಗೆ ಇನ್ನೊಂದು ಕಾರಣ ಸಿಕ್ಕಿರೋದು." ಆಮೇಲೆ ಅಂದಳು, "ಹುಡುಗ್ರು ಬೀಳೋದು ಬೇಡ. ಮೊದಲನೇ ಗೆರೆ ಮೇಲುಗಡೆಯಿಂದಾನೇ ಶುರು ಮಾಡಿ, ನೋಡಿದ್ರೇನೇ ಗೊತ್ತಾಗ್ಲಿ, ಹತ್ತೋಕೇ ಹೋಗ್ಬಾರ್ದು. ಏಳು ದಿನ ನೀರು ಹಾಕ್ಸಿ, ಮರೀಬೇಡಿ."

ಬೋರ್ಡು ಇದೆಯಾ ಎಂದು ಕೇಳಿದೆ. ಯಾರಿಗೋ ಕೊಟ್ಟಳಂತೆ.

ಕೆಲಸ ಬಿಟ್ಟು ಬರಬಹುದಿತ್ತು. ಬಿಟ್ಟಿದ್ದರೆ ಇನ್ನೊಬ್ಬ ಬಂದು ಸೊಟ್ಟಗೆ ಗೆರೆ ಎಳೆಯುತ್ತಿದ್ದ. ನಾನೇ ದಾರ ಕಟ್ಟಿ, ಕಂಬಿ ಒತ್ತಿ, ಬರೆದಿದ್ದಂತೆಯೇ ಮುಗಿಸಿದೆ. ಏಳು ದಿನ ನೀರು ಹಾಕಿಸಿದೆ. ಎಂಟನೆಯ ದಿನ ಸಂಜೆ ಇಬ್ಬರು ಮಕ್ಕಳು ಬೋರ್ಡು ಹಿಡಿದುಕೊಂಡು ಬಂದು, ಇಳಿಜಾರಿನ ಮುಂದೆ ನಿಂತು ನೋಡಿದರು. ಅವರಲ್ಲಿ ಚಿಕ್ಕವನು ಬಗ್ಗಿ ಗೆರೆಯ ಮೇಲೆ ಅಂಗೈ ಆಡಿಸಿದ. "ಆಗಲ್ಲ ಗುರು, ಬಾ," ಅಂದ. ಇಬ್ಬರೂ ಹೊರಟುಹೋದರು.

ಅವರು ಗೇಟು ದಾಟಿದ ಮೇಲೆ ಚೀಲದಿಂದ ಗೋಲಿ ತೆಗೆದು ಮೇಲಿನಿಂದ ಬಿಟ್ಟೆ. ಮೊದಲನೇ ಗೆರೆಯಲ್ಲೇ ನಿಂತಿತು. ಕೆಲಸ ಸರಿಯಾಗಿದೆ ಎಂದು ಸೂಪರ್‌ವೈಸರಿಗೆ ಹೇಳಿ ಮನೆಗೆ ಬಂದೆ.